ಭಿನ್ನ

ಗಣಪ್ಪನ ಕಿವಿ ಒಂದೀಟು ಮುಕ್ಕಾದ್ರೂ
ನಮ್ಮಪ್ಪ ಮಾರತಿರಲಿಲ್ಲ.
ಭಿನ್ನ ಆದದ್ದು ಪೂಜೆಗೆ ಬರೂದಿಲ್ಲೋ ಮೌನ್ಯಾ,
ಉಣಕಲ್ ಕೆರಿಗೆ ಬಿಡು, ತಿರುಗಿ ನೋಡಬ್ಯಾಡ.
ಹಿಂಗ ಎಷ್ಟು ದೇವರನ್ನ ಸೈಕಲ್ ಕ್ಯಾರಿಯರಿಗೆ ಕಟ್ಟಿ ಒಯ್ದೇನಿ,
ಲೆಕ್ಕ ಇಲ್ಲ.

ಸಾಮಿಲ್ಲಿನ್ಯಾಗ ನನ್ನ ಎರಡು ಬೆರಳು ಹ್ವಾದ ವರ್ಷ
ಅಪ್ಪ ಆ ಮಾತು ಆಡಲಿಲ್ಲ.
ಹೊಸ ಮೂರ್ತಿಗೆ ಕಣ್ಣು ತೆರಿಯೂ ಕೆಲಸ ಅಷ್ಟ
ತಮ್ಮನ ಕೈಗೆ ಕೊಟ್ಟ.

ಮಾರ್ಚ್ ತಿಂಗಳ ಬಿಸಲಾಗ
ರೈಲ್ವೆ ದವಾಖಾನಿ ಆಯಾ ಆಗಿದ್ದ ರೆಜಿನಾಬಾಯಿ
ಆಟೋದಿಂದ ಇಳಿದ್ಲು.
ಕೌದಿಯೊಳಗ ಸುತ್ತಿದ್ದು ಏನೋ ಉದ್ದಂದು,
ತುದಿಗೆ ಎರಡು ಪಾದ ಹೊರಗ.
ಚಹಾದಂಗಡಿ ಮಂದಿ ಎದ್ದು ನಿಂತ್ರು
ಹೆಣ ಅಂತ ತಿಳದು.

‘ಗೆದ್ದಲ ಹತ್ತಿ ಬಲಗೈ ಕಳಚಿ ಬಿತ್ತು ಮೇಸ್ತ್ರಿ.
ಶುಕ್ರವಾರಕ್ಕ ಬೇಕು.’
ಕೈ ಬ್ಯಾರೆ ಚೀಲದಾಗಿತ್ತು,
ಮೆಂತೆಪಲ್ಲೆ ತರೂ ಚೀಲ.

ಬೆಂಚಿನ ಮ್ಯಾಲೆ ಮಲಗಿಸಿ ಕೌದಿ ತೆಗದೆ.
ಎಲ್ಲಿಂದ ಸುರು ಮಾಡಲಿ?
ಹಣಿ ತುಂಬ ತೂತು, ಮೊಣಕಾಲು ತರಚಿ,
ಬಗಲಾಗ ಬಾಯಿ ತೆರೆದ ಗಾಯ.
ಯಾವುದು ಹುಳ ತಿಂದದ್ದು,
ಯಾವುದು ಮಾಡಿದಾಂವ ಕೆತ್ತಿದ್ದು?
ಮೂವತ್ತು ವರ್ಷದ ಕಸಬಿನಾಗ
ಹಿಂಗೊಂದು ಪ್ರಶ್ನಿ ಬಂದಿದ್ದಿಲ್ಲ.
ಮುರಿದದ್ದನ್ನ ಕೂಡಿಸು ಅಂತಾರ,
ಮುರಿದ ಹಾಂಗ ಇರಲಿ ಅಂತಾರ.

ಮಾಡಿದಾಂವ ವರ್ಕ್‌ಶಾಪಿನ್ಯಾಗ
ಇಂಜಿನ್ನಿನ ಚಕ್ರಕ್ಕ ಕಟ್ಟಿಗಿ ಅಚ್ಚು ಕೊರೀತಿದ್ನಂತ.
‘ನಮ್ಮಜ್ಜನ ಗೆಳೆಯ. ಹೆಸರು ಬೆನ್ನಾಗ ಬರದಾನೇನು ನೋಡು.’
ಬರದಿದ್ದಿಲ್ಲ.
ಎಲುಬು ಎಣಿಸಿದೆ. ಎಡಕ್ಕ ಒಂದು ಹೆಚ್ಚಿಗಿ ಕಾಣತಿತ್ತು,
ಹಸಿದಾಂವ ಉಸಿರು ಜಗ್ಗಿದಾಗ ಕಾಣ್ತಾವಲ್ಲ, ಹಂಗ.
ಕಲ್ಲಿದ್ದಲು ಹೊರೂ ಯಾವನನ್ನೋ
ಎದುರಿಗೆ ನಿಲ್ಲಿಸಿ ನೋಡಿರಬೇಕು,
ಪಗಾರ ಇಲ್ಲದ ತಿಂಗಳಾಗ.

ಬಗಲಿನ ಗಾಯದ ಬಣ್ಣ ಕೆರೆದೆ.
ಕೆಂಪು, ಅದರ ಕೆಳಗ ಕೆಂಪು,
ಅದರ ಕೆಳಗ ಕಾವಿಮಣ್ಣು.
ಅದರ ಕೆಳಗ
ಉಳಿ ಗುರುತ ಇಲ್ಲ.
ಸಾಗವಾನಿ ಗಂಟದು!
ಗಿಡ ಇದ್ದಾಗ ಯಾವ ಗಾಳಿಗೋ ಟೊಂಗಿ ಮುರಿದು
ವರ್ಷಾನುಗಟ್ಟಲೆ ಮಾಯ್ದ ಜಾಗ.
ನಾವಾದ್ರ ಅಂಥಾ ದಿಮ್ಮಿ ಒಲಿಗೆ ಹಾಕ್ತಿದ್ವಿ.
ಆ ಪುಣ್ಯಾತ್ಮ ಹೊರಳಿಸ್ಯಾನ, ಹೊರಳಿಸ್ಯಾನ,
ಗಿಡದ ಗಾಯ ದೇವರ ಬಗಲಿಗೆ ಬರೂತನಾ
ಉಳಿ ಮುಟ್ಟಿಲ್ಲ.

ಹೆಂಡತಿ ಎರಡು ಸಲ ಊಟಕ್ಕ ಕರೆದ್ಲು.
ದೀಪ ತಂದು ಸನೇಕ ಇಟಗೊಂಡು
ಅದನ್ನ ನೋಡಕೋತ ಕುಂತಿದ್ದೆ.

ಕೈ ಕೂಡಿಸಿ ಬಣ್ಣ ಕಲಿಸೂದರಾಗ
ರೆಜಿನಾಬಾಯಿ ಬಂದು ಪಾದ ತೋರಿಸಿದ್ಲು,
‘ಅಲ್ಲೆ ಹಚ್ಚಬ್ಯಾಡ.’
ಬಣ್ಣ ಹೋಗಿ ಕಟ್ಟಿಗಿ ಅಲ್ಲೆ
ಹುಣಸಿಬೀಜದಂಗ ಮಿರಿಮಿರಿ.
ಎಷ್ಟು ತುಟಿ ಕೂಡಿ ಹೊಡದ ಪಾಲಿಶ್ ಅದು!
‘ನನ್ನ ಮಗ ಹ್ವಾದ ರಾತ್ರಿ’ ಅಂತ ಏನೋ ಸುರು ಮಾಡಿ
ಅಲ್ಲಿಗೆ ಬಿಟ್ಟು
ಆಟೋದಾಂವನ ಜೋಡಿ ಇಪ್ಪತ್ತು ರೂಪಾಯಿಗೆ
ಜಗಳಕ್ಕ ನಿಂತ್ಲು.

ಶುಭ ಶುಕ್ರವಾರ ಅಂತಾರಂತ ಅದಕ್ಕ.
ಶುಭ ಯಾಕ ಅಂತ ನಾ ಕೇಳಿಲ್ಲ.
ಗದಗ ರೋಡಿನ ಚರ್ಚಿನ್ಯಾಗ
ಚಪ್ಪಲಿ ಬಿಟ್ಟ ಕಡೆ ನಿಂತೆ,
ಬಲಗೈ ಕಿಸೆದಾಗ.
ಮಂದಿ ಸಾಲು ಹಚ್ಚಿ ಬಂದು, ಬಗ್ಗಿ,
ಪಾದಕ್ಕ ಮುತ್ತು ಕೊಟ್ಟು ಹೊಂಟಿದ್ರು.
ಸುಳ್ಳ ಯಾಕ ಹೇಳಲಿ, ನಾ ನೋಡತಿದ್ದದ್ದು
ಹೆಗಲಿನ ಕೀಲು.

ಯಾರೋ ಒಂದು ಕೂಸಿನ್ನ ಎತ್ತಿ ಹಿಡಿದ್ರು.
ಅದು ಪಾದ ಬಿಟ್ಟು, ಮ್ಯಾಲೆ ಹತ್ತಿ,
ಆ ಕೈಗೆ ಜೋತುಬಿತ್ತು.
ನನ್ನ ಕೈ ಯಾವಾಗ ಹೊರಗ ಬಂತೋ,
ಎಲ್ಲಾರ ತಲಿ ಮ್ಯಾಲೆ, ಮೂರು ಬೆರಳು ಚಾಚಿ,
ಅಷ್ಟು ದೂರದಿಂದ ಹಿಡಿಯೂ ಹಾಂಗ.

ಕೀಲು ತಡೀತು.
ಬಾಜೂ ನಿಂತ ಮುದುಕ ನನ್ನ ಬೆರಳು ನೋಡಿ
ಸರದು ಜಾಗ ಕೊಟ್ಟ.